ಗರಡಿಯ ವಿದ್ಯೆ ಬೀದಿಗೆ ಬಂದಾಗ



ದತ್ತಿ ಉಪನ್ಯಾಸ ಎಂದರೆ ವಚನವೋ ಕೀರ್ತನೆಯೋ ವಿಷಯವಾಗುವುದು ವಾಡಿಕೆ. ಈ ಸಲ ಶಾಲೆಯ ಮೈದಾನದಲ್ಲಿ ಸೀಟಿ ಊದಿಕೊಂಡು ಕಾಲ ಕಳೆದ ಒಬ್ಬ ದೈಹಿಕ ಶಿಕ್ಷಣದ ಮೇಷ್ಟ್ರನ್ನು ಕರೆದಿದ್ದೀರಿ. ಯಾರ ನೆನಪಿಗೆ ಈ ದತ್ತಿ ಇದೆಯೋ ಆ ಹಿರಿಯರು ಹರೆಯದಲ್ಲಿ ಸಾಮು ಮಾಡಿದವರಂತೆ, ಅದಕ್ಕೇ ಈ ವಿಷಯ. ಪ್ರಶ್ನೆ ನೇರವಾಗಿದೆ: ಗರಡಿಯ ಕುಸ್ತಿ, ಹಬ್ಬದಲ್ಲಿ ತಿರುಗಿಸುವ ಕೋಲುವರಸೆ, ಈಗ ಬೀದಿಬೀದಿಯಲ್ಲೂ ಬೋರ್ಡು ಹಾಕಿಕೊಂಡಿರುವ ಕರಾಟೆ, ಇವೆಲ್ಲ ನಿಜವಾದ ಜಗಳ ಮೈಮೇಲೆ ಬಂದಾಗ ಎಷ್ಟರ ಮಟ್ಟಿಗೆ ಕೈಹಿಡಿಯುತ್ತವೆ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಮಧ್ಯದಲ್ಲಿ ಎದ್ದು ಬಸ್ಸು ಹಿಡಿಯುವವರಿಗೂ ಅನುಕೂಲ. ಯಾವ ವಿದ್ಯೆಯಲ್ಲಿ ಎದುರಿಗಿರುವವನು ಸೋಲಲು ಒಪ್ಪದೆ ದಿನಾ ಸೆಣಸುತ್ತಾನೋ ಆ ವಿದ್ಯೆ ಬೀದಿಯಲ್ಲೂ ಅಷ್ಟಿಷ್ಟು ಉಳಿಯುತ್ತದೆ. ಯಾವುದರಲ್ಲಿ ಎದುರಿಗಿರುವವನು ಗುರುಗಳ ಮೇಲಿನ ಗೌರವಕ್ಕೆ ತಾನಾಗಿ ಬೀಳುತ್ತಾನೋ ಅದು ಉಳಿಯುವುದಿಲ್ಲ. ವಿದ್ಯೆ ಎಷ್ಟು ಹಳೆಯದು, ಯಾವ ದೇಶದ್ದು, ಸೊಂಟದ ಪಟ್ಟಿಯ ಬಣ್ಣ ಯಾವುದು ಎಂಬುದಕ್ಕೆಲ್ಲ ಇಲ್ಲಿ ಬೆಲೆ ಕಡಿಮೆ.

ಈ ವಿಷಯದ ಹಳೆಯ ಕಥೆಯೊಂದು ನಮ್ಮ ಚಿಂತಾಮಣಿ ತಾಲ್ಲೂಕಿನಲ್ಲೇ ಇದೆ. ಕೈವಾರವೇ ಏಕಚಕ್ರನಗರ, ಅಲ್ಲಿನ ಬೆಟ್ಟದ ಅಡಿಯಲ್ಲಿ ಬಕಾಸುರ ಬಿದ್ದಿದ್ದಾನೆ ಎಂದು ನಮ್ಮ ಕಡೆಯ ಜನ ನಂಬಿಕೊಂಡು ಬಂದಿದ್ದಾರೆ. ಭೀಮಲಿಂಗೇಶ್ವರನ ಗುಡಿಯೂ ಅಲ್ಲಿದೆ. ನಡೆದದ್ದೋ ಇಲ್ಲವೋ ಎಂಬ ಚರ್ಚೆ ಇವತ್ತು ಬೇಡ. ಕಥೆ ಕಟ್ಟಿದವರಿಗೆ ಹೊಡೆದಾಟದ ಒಳಗುಟ್ಟು ಗೊತ್ತಿತ್ತು, ಅದನ್ನಷ್ಟೇ ನೋಡೋಣ. ಮಗನನ್ನು ರಾಕ್ಷಸನ ಬಾಯಿಗೆ ಕಳಿಸುತ್ತೀಯಾ ಎಂದು ಧರ್ಮರಾಯ ಕೇಳಿದಾಗ ಕುಂತಿ ದೇವರ ಮೇಲೆ ಭಾರ ಹಾಕುವುದಿಲ್ಲ. ಲೆಕ್ಕ ಕೊಡುತ್ತಾಳೆ. ಹಿಡಿಂಬನನ್ನು ಕೊಂದದ್ದನ್ನು ಕಣ್ಣಾರೆ ಕಂಡಿದ್ದೇವೆ, ಇವನ ಬಲ ಪರೀಕ್ಷೆಯಾಗಿದೆ ಎನ್ನುತ್ತಾಳೆ. ಇನ್ನು ಭೀಮ. ಬಂಡಿಯ ಅನ್ನವನ್ನು ತಾನೇ ಉಣ್ಣುತ್ತ ಕೂತಿದ್ದಾನೆ. ಬಕ ಬಂದು ಎರಡೂ ಕೈ ಎತ್ತಿ ಬೆನ್ನಿಗೆ ಗುದ್ದುತ್ತಾನೆ. ಭೀಮ ತಿರುಗಿಯೂ ನೋಡದೆ ಉಣ್ಣುತ್ತಾನೆ. ಊಟ ಮುಗಿಸಿ, ಕೈ ತೊಳೆದುಕೊಂಡು, ಆಮೇಲೆ ಎದ್ದು ನಿಲ್ಲುತ್ತಾನೆ. ಹರಿಕಥೆಯಲ್ಲಿ ಈ ಜಾಗಕ್ಕೆ ಜನ ನಗುತ್ತಾರೆ. ನನಗೆ ಇಡೀ ಯುದ್ಧಕ್ಕಿಂತ ಇದೇ ದೊಡ್ಡದಾಗಿ ಕಾಣುತ್ತದೆ. ಬೆನ್ನಿಗೆ ಏಟು ಬಿದ್ದದ್ದು ಅವನಿಗೆ ಹೊಸ ಸಂಗತಿಯಲ್ಲ. ಏಟು ತಿಂದು ಗೊತ್ತಿದ್ದವನ ಬುದ್ಧಿ ಏಟು ಬಿದ್ದ ಮೇಲೂ ಕೆಲಸ ಮಾಡುತ್ತಿರುತ್ತದೆ.

ಗರಡಿ ಕಲಿಸುತ್ತಿದ್ದದ್ದು ಇದನ್ನೇ. ಚಿಕ್ಕ ಬಾಗಿಲು, ತಲೆ ಬಗ್ಗಿಸಿ ಒಳಗೆ ಹೋಗಬೇಕು. ಗೂಡಿನಲ್ಲಿ ಆಂಜನೇಯ, ಮೂಲೆಯಲ್ಲಿ ಗದೆಗಳು, ನಡುವೆ ಜರಡಿ ಹಿಡಿದು ಎಣ್ಣೆ, ಮಜ್ಜಿಗೆ, ಅರಿಶಿನ, ಕರ್ಪೂರ ಬೆರೆಸಿ ಹದ ಮಾಡಿದ ಕೆಮ್ಮಣ್ಣು. ಹೊಸ ಹುಡುಗನಿಗೆ ತಿಂಗಳುಗಟ್ಟಲೆ ದಂಡ, ಬಸ್ಕಿ ಹೊಡೆಯುವುದು ಮತ್ತು ಮಣ್ಣು ಅಗೆಯುವುದು ಇಷ್ಟೇ ಕೆಲಸ. ಕೊನೆಗೊಂದು ದಿನ ಉಸ್ತಾದರು ಅವನಿಗಿಂತ ಹಳಬನೊಬ್ಬನ ಎದುರು ನಿಲ್ಲಿಸುತ್ತಾರೆ. ಹಳಬ ಕತ್ತಿನ ಹಿಂದೆ ಅಂಗೈ ಇಟ್ಟು ತನ್ನ ಭಾರವನ್ನೆಲ್ಲ ಅಲ್ಲಿ ನೇತುಹಾಕುತ್ತಾನೆ. ಹುಡುಗ ಕಾಲು ಹಾಕಲು ನೋಡುತ್ತಾನೆ, ಕಾಲು ಸಿಗುವುದಿಲ್ಲ. ಕೈ ಬಿಡಿಸಿಕೊಳ್ಳಲು ನೋಡುತ್ತಾನೆ, ಬೆವರಿಗೂ ಮಣ್ಣಿಗೂ ಜಾರುತ್ತದೆ. ಉಸಿರು ಕಟ್ಟುತ್ತದೆ, ಕಣ್ಣಿಗೆ ಮಣ್ಣು, ಬೆನ್ನು ನೆಲಕ್ಕೆ. ನಾನೂ ಹಾಗೆ ಬಿದ್ದವರಲ್ಲಿ ಒಬ್ಬ. ಪಟ್ಟು ಹೇಳಿಕೊಟ್ಟಾಗ ಎಷ್ಟು ಸಲೀಸಾಗಿ ಕಂಡಿತ್ತೋ, ಒಪ್ಪದವನ ಮೈಮೇಲೆ ಅದನ್ನು ಹಾಕುವುದು ಅಷ್ಟೇ ಕಷ್ಟ. ಹತ್ತು ಸಲ ಹಾಕಿದರೆ ಒಂಬತ್ತು ಸಲ ತಪ್ಪುತ್ತದೆ. ತಪ್ಪಿದ ಮೇಲೆ ಮುಂದೇನು ಎಂಬುದೇ ಅಲ್ಲಿನ ನಿಜವಾದ ಪಾಠ.

ಈ ಮಾತನ್ನು ಸಿದ್ಧಾಂತದ ಹಾಗೆ ನಡೆಸಿ ತೋರಿಸಿದವರು ಜಪಾನಿನ ಜಿಗೊರೊ ಕಾನೊ. 1882ರಲ್ಲಿ ಅವರು ಜೂಡೊ ಶಾಲೆ ತೆರೆದಾಗ ಹಳೆಯ ಜುಜುತ್ಸುವಿನ ಅಪಾಯದ ವರಸೆಗಳನ್ನು ದಿನದ ಸೆಣಸಾಟದಿಂದ ತೆಗೆದುಬಿಟ್ಟರು. ಕಣ್ಣು ಚುಚ್ಚುವುದು, ಬೆರಳು ಮುರಿಯುವುದು ಇವನ್ನೆಲ್ಲ ಜೊತೆಗಾರನ ಮೇಲೆ ಪೂರ್ತಿ ಜೋರಿನಲ್ಲಿ ಮಾಡಲಾಗದು. ಪೂರ್ತಿ ಜೋರಿನಲ್ಲಿ ಮಾಡಲಾಗದ್ದು ಮೈಗೆ ಹತ್ತುವುದಿಲ್ಲ. ಎಸೆಯುವುದು, ಅದುಮುವುದು ಮುಂತಾದ ಸೌಮ್ಯ ವರಸೆಗಳನ್ನು ದಿನಾ ಪೂರ್ತಿ ಶಕ್ತಿಯಿಂದ ಆಡಿದವನು ಮಾರಕ ವರಸೆಗಳನ್ನು ಗಾಳಿಯಲ್ಲಿ ಮಾಡಿದವನಿಗಿಂತ ಗಟ್ಟಿಯಾಗುತ್ತಾನೆ. ನಮ್ಮ ಮರ್ಮವಿದ್ಯೆಯವರಿಗೆ ಈ ಮಾತು ಕಹಿ. ಒಂದು ಬೆರಳಿಟ್ಟರೆ ಆಳು ಬಿದ್ದುಹೋಗುತ್ತಾನೆ, ಆದರೆ ಅಪಾಯ, ತೋರಿಸುವ ಹಾಗಿಲ್ಲ ಎನ್ನುತ್ತಾರೆ. ತೋರಿಸುವ ಹಾಗಿಲ್ಲದ ವಿದ್ಯೆ ಇದೆ ಎಂದು ನಂಬುವುದಾದರೂ ಹೇಗೆ ಸ್ವಾಮಿ?

ಜಪಾನಿನಲ್ಲೇ ಯಾನಾಗಿ ರ್ಯೂಕೆನ್ ಎಂಬ ವೃದ್ಧ ಗುರು ಇದ್ದರು. ಮುಟ್ಟದೆ, ಬರೀ ಪ್ರಾಣಶಕ್ತಿಯಿಂದ ಬೀಳಿಸುತ್ತೇನೆ ಎನ್ನುತ್ತಿದ್ದರು. ಅವರು ಕೈಬೀಸಿದ ಕಡೆಗೆ ಶಿಷ್ಯರು ಸಾಲಾಗಿ ಉರುಳುವ ವಿಡಿಯೊಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 2006ರಲ್ಲಿ ಅವರು ಪಂದ್ಯಕ್ಕೆ ಆಹ್ವಾನ ಕೊಟ್ಟರು. ಕಾದಾಡುವುದನ್ನೇ ಕಸುಬು ಮಾಡಿಕೊಂಡ ಒಬ್ಬ ಎದುರು ನಿಂತ. ಗುರುಗಳು ಕೈಬೀಸಿದರು, ಅವನು ಬೀಳಲಿಲ್ಲ. ಮುಖಕ್ಕೆ ಏಟು ಬಿದ್ದು ರಕ್ತ ಬಂದಾಗ ಆ ಮುದುಕರ ಕಣ್ಣಿನಲ್ಲಿದ್ದದ್ದು ನೋವಿಗಿಂತ ಹೆಚ್ಚಾಗಿ ಆಶ್ಚರ್ಯ. ಅವರು ಯಾರಿಗೂ ಮೋಸ ಮಾಡುತ್ತಿರಲಿಲ್ಲ ಎಂದೇ ನನ್ನ ಎಣಿಕೆ. ವರ್ಷಾನುಗಟ್ಟಲೆ ಬಿದ್ದುಕೊಟ್ಟ ಶಿಷ್ಯರು ಅವರನ್ನು ಹಾಗೆ ನಂಬಿಸಿದ್ದರು. 2017ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ತಾಯ್ ಚಿ ಗುರು ವೇ ಲೇ ಅವರಿಗೂ ಅದೇ ಗತಿಯಾಯಿತು, ಪಂದ್ಯ ಅರ್ಧ ನಿಮಿಷವೂ ನಡೆಯಲಿಲ್ಲ.

ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯನವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು ಅವರು. ಆ ಸಮಿತಿಯಿಂದ ಎಷ್ಟು ಮಂದಿಗೆ ಸಿಟ್ಟು ಬಂತೆಂಬುದು ಹಿರಿಯರಿಗೆ ನೆನಪಿರುತ್ತದೆ. ಮೇಜಿನ ಮೇಲಿನ ವಿಭೂತಿಯನ್ನು ಪರೀಕ್ಷಿಸಬೇಕಾದರೆ ಗುದ್ದನ್ನೂ ಪರೀಕ್ಷಿಸಬೇಕು. ಆಗಸ್ಟ್ 15ಕ್ಕೆ ಮೈದಾನದಲ್ಲಿ ಮಕ್ಕಳು ಹೆಂಚು ಒಡೆಯುವಾಗ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಸಾಲು ಸಾಲಾಗಿ ಹೆಂಚು ಜೋಡಿಸಿಕೊಟ್ಟವನೇ ನಾನು, ಆ ಹೆಂಚುಗಳನ್ನು ಹೇಗೆ ಆರಿಸುತ್ತಾರೆ, ನಡುವೆ ಸಂದು ಬಿಟ್ಟು ಹೇಗೆ ಇಡುತ್ತಾರೆ ಎಂಬುದನ್ನು ಬೇಕಾದವರು ಆಮೇಲೆ ಕೇಳಿ.

ಹಾಗಾದರೆ ಕುಸ್ತಿಯವನು ಬೀದಿಯಲ್ಲಿ ಗೆಲ್ಲುತ್ತಾನೆಯೇ? ಅಷ್ಟು ಸುಲಭವಿಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂಬ ಭಾಗವಿದೆ, 12ನೆಯ ಶತಮಾನದ ಗ್ರಂಥ. ಅಲ್ಲೇ ಮಲ್ಲರನ್ನು ಮೈಕಟ್ಟು, ಬಲ, ವಿದ್ಯೆ ನೋಡಿ ವಿಂಗಡಿಸುತ್ತಾರೆ, ಯಾರಿಗೆ ಯಾವ ಆಹಾರ ಎಂದು ಹೇಳುತ್ತಾರೆ. ಎಂದರೆ ಒಂಬೈನೂರು ವರ್ಷದ ಹಿಂದೆಯೇ ಅದು ಜೋಡಿ ನೋಡಿ ಬಿಡುವ ಪಂದ್ಯ. ಮೈಸೂರು ದಸರೆಯ ವಜ್ರಮುಷ್ಟಿ ಇದಕ್ಕಿಂತ ಒರಟು. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮೊನಚಾದ ಆಯುಧ ತೊಟ್ಟು ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಎದುರಾಗುತ್ತಾರೆ, ಮೊದಲ ರಕ್ತ ಕಂಡೊಡನೆ ಬಿಡಿಸಿಬಿಡುತ್ತಾರೆ. ಬಂದ ಜನ ಇನ್ನೂ ತುದಿಗಾಲ ಮೇಲೆ ನಿಂತು ಇಣುಕುತ್ತಿರುವಾಗಲೇ ಮುಗಿದಿರುತ್ತದೆ. ಆ ವೇಗದಲ್ಲಿ, ಆ ರಕ್ತದಲ್ಲಿ ಅದು ನಿಜಕ್ಕೆ ಹತ್ತಿರ. ಆದರೆ ಅಲ್ಲಿಯೂ ಇಬ್ಬರೇ, ಮತ್ತು ಬಿಡಿಸುವವರು ಪಕ್ಕದಲ್ಲೇ ನಿಂತಿರುತ್ತಾರೆ.

ಬೀದಿಯಲ್ಲಿ ಏನಾಗುತ್ತದೆ? ಸಂಜೆಯ ಬಸ್ಸು. ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿದವನೊಬ್ಬ, ಅದನ್ನು ಪಕ್ಕಕ್ಕೆ ಸರಿಸಿ ಕೂತವನೊಬ್ಬ. ಮೊದಲು ಮಾತು. ಮಾತಿನಲ್ಲಿ ‘ನೀವು’ ಹೋಗಿ ‘ನೀನು’ ಬಂತು ಎಂದರೆ ಅರ್ಧ ದಾರಿ ಮುಗಿಯಿತು. ಸುತ್ತ ಇರುವವರು ತಿರುಗಿ ನೋಡುತ್ತಾರೆ, ಈಗ ಇಬ್ಬರಿಗೂ ಹಿಂದಕ್ಕೆ ಸರಿಯಲು ಮರ್ಯಾದೆ ಅಡ್ಡ. ಮುಖದ ಹತ್ತಿರ ಬೆರಳು ಬರುತ್ತದೆ, ಬೆರಳನ್ನು ತಳ್ಳುವ ಕೈ ಬರುತ್ತದೆ, ಎಡಗೈ ಕೊರಳಪಟ್ಟಿಗೆ ಹೋಗುತ್ತದೆ, ಬಲಗೈ ಬೀಸಿ ಬಂದು ಕಿವಿಯ ಮೇಲೆ ಬೀಳುತ್ತದೆ. ಎರಡು ಸೀಟಿನ ನಡುವೆ ಕಾಲೆತ್ತಿ ಒದೆಯಲು ಜಾಗವಿಲ್ಲ. ಚಪ್ಪಲಿ ಜಾರುತ್ತದೆ. ಎದೆ ಡವಗುಟ್ಟುತ್ತದೆ, ಬೆರಳು ನಡುಗುತ್ತದೆ, ಕಣ್ಣಿಗೆ ಎದುರಿನ ಮುಖ ಬಿಟ್ಟು ಬೇರೇನೂ ಕಾಣದು. ಹಾಗಾಗಿ ಅವನ ಜೊತೆಗಾರ ಹಿಂದಿನಿಂದ ಬಂದದ್ದು ಗೊತ್ತಾಗುವುದಿಲ್ಲ. ಕಂಡಕ್ಟರ್ ಸೀಟಿ ಊದುವ ಹೊತ್ತಿಗೆ ಒಬ್ಬನ ಅಂಗಿ ಹರಿದಿದೆ, ಇನ್ನೊಬ್ಬನ ತಲೆ ಸರಳಿಗೆ ತಾಗಿದೆ.

ಇಲ್ಲಿ ಗರಡಿಯ ಹುಡುಗನಿಗೆ ಒದಗುವುದು ಯಾವುದು? ಕೊರಳಿಗೆ ಕೈ ಬಿದ್ದರೆ ಅವನು ಗಾಬರಿಯಾಗುವುದಿಲ್ಲ, ಅದು ಅವನ ದಿನದ ಕೆಲಸ. ನಿಂತ ನೆಲ ಬಿಡುವುದಿಲ್ಲ. ಬಿದ್ದರೆ ತಲೆ ಉಳಿಸಿಕೊಂಡು ಬೀಳುತ್ತಾನೆ. ಬೀದಿಯ ಜಗಳದಲ್ಲಿ ಜೀವ ಹೋಗುವುದು ಎಷ್ಟೋ ಸಲ ಗುದ್ದಿನಿಂದಲ್ಲ, ಗುದ್ದು ತಿಂದವನ ತಲೆ ಕಲ್ಲುಚಪ್ಪಡಿಗೆ ಬಡಿದು. ಬೀಳುವುದನ್ನು ಕಲಿತವನಿಗೆ ಅದೊಂದೇ ವಿದ್ಯೆ ಸಾಕಷ್ಟು ಕೊಟ್ಟಿತು ಎನ್ನುತ್ತೇನೆ. ಆದರೆ ಅವನಿಗೊಂದು ಕೆಟ್ಟ ಅಭ್ಯಾಸವೂ ಇದೆ. ಎದುರಾಳಿಯನ್ನು ಕೆಡವಿ ಮೇಲೆ ಕೂರುತ್ತಾನೆ. ಮಣ್ಣಿನಲ್ಲಿ ಅದು ಗೆಲುವು, ರಸ್ತೆಯಲ್ಲಿ ಬಿದ್ದವನ ಅಣ್ಣತಮ್ಮಂದಿರ ಕಾಲಿಗೆ ಸಿಗುವ ಎತ್ತರ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ, ಬೇರೆ ಬೇರೆ ವಿದ್ಯೆಯವರು ಪಂಜರದೊಳಗೆ ಸೆಣಸಿದಾಗ, ಸಣಕಲು ಮೈಯ ರಾಯ್ಸ್ ಗ್ರೇಸಿ ತನಗಿಂತ ದಪ್ಪಗಿದ್ದವರನ್ನೆಲ್ಲ ನೆಲಕ್ಕೆ ಎಳೆದು ಸೋಲಿಸಿದ್ದನ್ನು ಕಂಡು ಜಗತ್ತೇ ಬೆರಗಾಯಿತು. ಗ್ರೇಸಿಯ ಆ ವಿದ್ಯೆಯ ಬೇರು ಕೂಡ ಕಾನೊ ಅವರ ಜೂಡೊ. ಪಂಜರದೊಳಗೆ ಅದು ನಿಜ, ಸಂತೆಯಲ್ಲಿ ಬೇರೆ ಲೆಕ್ಕ.

ಹಳ್ಳಿಯ ಜಗಳದಲ್ಲಿ ಬರಿಗೈ ಎಂಬುದೇ ಅಪರೂಪ. ಬದುವಿನ ತಗಾದೆ, ಬೋರ್‌ವೆಲ್ ನೀರಿನ ತಗಾದೆ ಹೊಲದಲ್ಲೇ ಹುಟ್ಟುತ್ತವೆ, ಹೊಲದಲ್ಲಿ ಕೈಯಲ್ಲಿರುವುದು ಮಚ್ಚು, ಕುಡುಗೋಲು, ಸನಿಕೆ. ಚಾಕು ಹಿಡಿದವನ ಮಣಿಕಟ್ಟು ಹಿಡಿದು ತಿರುವುವುದನ್ನು ತರಗತಿಯಲ್ಲಿ ತೋರಿಸುತ್ತಾರೆ. ಅಲ್ಲಿ ಚಾಕು ಹಿಡಿದ ಹುಡುಗ ಒಂದೇ ಸಲ ಕೈ ಚಾಚಿ, ಹಿಡಿಯಲಿ ಎಂದು ಹಾಗೆಯೇ ಬಿಟ್ಟಿರುತ್ತಾನೆ. ನಿಜದಲ್ಲಿ ಚಾಚಿದ ಕೈ ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಬರುತ್ತದೆ. ಬಳಪದ ಚೂರೊಂದನ್ನು ಚಾಕುವೆಂದು ಕೊಟ್ಟು, ನಿನ್ನಿಷ್ಟ ಬಂದ ಹಾಗೆ ಗೀರು ಎಂದು ಹೇಳಿ ನಮ್ಮ ಹುಡುಗರನ್ನು ಬಿಟ್ಟು ನೋಡಿದ್ದೇನೆ. ತಡೆಯುವವನ ಅಂಗಿಯ ಮೇಲೆ ಬಿಳಿ ಗೆರೆ ಬೀಳದ ಸುತ್ತು ಒಂದೂ ಇಲ್ಲ. ಇದಕ್ಕೆ ಸರಿಯಾದ ವಿದ್ಯೆ ಎಂದರೆ ಓಟ. ಓಡಲು ಜಾಗವಿಲ್ಲದಿದ್ದರೆ ಕೋಲು. ಗೌರಿಬಿದನೂರು, ಬಾಗೇಪಲ್ಲಿ ಕಡೆ ತೆಲುಗು ಬೆರೆತ ಮಾತಿನಲ್ಲಿ ಕರ್ರಸಾಮು ಎನ್ನುವ ಕೋಲುವರಸೆಗೆ ಇಲ್ಲಿ ಮಾತ್ರ ನಾನು ಪೂರ್ತಿ ಅಂಕ ಕೊಡುತ್ತೇನೆ. ಅದರ ಸುತ್ತಾಟ, ನೆಗೆತ ನೋಡುವವರಿಗೆ. ಒಳಗಿನ ತಿರುಳು ಒಂದೇ, ಎದುರಾಳಿಯನ್ನು ಒಂದು ಮಾರು ದೂರದಲ್ಲಿ ನಿಲ್ಲಿಸುವುದು. ಅದನ್ನು ಹಬ್ಬದ ಮೆರವಣಿಗೆಯಲ್ಲಿ ಕಲಿಯಲಾಗದು, ಎದುರಿಗೆ ಒಬ್ಬ ಒಳನುಗ್ಗಲು ನೋಡುತ್ತಿರಬೇಕು. ಇನ್ನೊಂದು ಮಾತು, ನಮ್ಮ ಊರುಗಳಲ್ಲಿ ಮನುಷ್ಯರಿಗಿಂತ ಹೆಚ್ಚು ಸಲ ಎದುರಾಗುವುದು ಬೀದಿನಾಯಿ, ಅದಕ್ಕೂ ಕೋಲೇ ಸರಿ.

ಒನಕೆ ಓಬವ್ವ ಯಾವ ಗರಡಿಗೆ ಹೋಗಿದ್ದಳು? ಚಿತ್ರದುರ್ಗದ ಕಾವಲುಗಾರನ ಹೆಂಡತಿ, ಗಂಡ ಊಟಕ್ಕೆ ಕೂತಿದ್ದ ಹೊತ್ತು. ಹೈದರನ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಬೇಕಿತ್ತು. ತಲೆ ಒಳಗೆ ಬರುವಾಗ ಕೈ ಇನ್ನೂ ಹೊರಗೆ. ಅವಳು ನಿಂತ ಜಾಗ, ಕೈಗೆ ಸಿಕ್ಕ ಒನಕೆ, ಬರುವವನಿಗೆ ಅವಳಿರುವುದೇ ಗೊತ್ತಿಲ್ಲ ಎಂಬ ಸಂಗತಿ, ಈ ಮೂರೂ ಸೇರಿ ಗೆಲ್ಲಿಸಿದವು. ಬಯಲಿನಲ್ಲಿ ಅದೇ ಒನಕೆ ಹಿಡಿದು ಒಬ್ಬ ಸವಾರನ ಎದುರು ನಿಂತಿದ್ದರೆ ನಮಗೆ ಅವಳ ಹೆಸರು ಗೊತ್ತಿರುತ್ತಿರಲಿಲ್ಲ. ಅವಳ ಧೈರ್ಯವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಕಿಂಡಿಯ ಬಳಿಯೇ ನಿಲ್ಲಬೇಕು ಎಂದು ಹೊಳೆದದ್ದೇ ಅವಳ ವಿದ್ಯೆ.

ಇವತ್ತು ಅವಳ ಹೆಸರಿನಲ್ಲೇ ಹಾಸ್ಟೆಲ್ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸುತ್ತಾರೆ. ಒಳ್ಳೆಯದೇ. ಆದರೆ ಕಲಿಸುವುದು ಬಹುಮಟ್ಟಿಗೆ ಕತ್ತಲ ಗಲ್ಲಿಯಲ್ಲಿ ಹಿಂದಿನಿಂದ ಹಿಡಿಯುವ ಅಪರಿಚಿತನ ವಿರುದ್ಧ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ವರ್ಷವರ್ಷ ಕೊಡುವ ಲೆಕ್ಕ ತೆಗೆದು ನೋಡಿ. ದಾಖಲಾದ ಅತ್ಯಾಚಾರಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪ್ರಕರಣಗಳ ಆರೋಪಿ ಆ ಹೆಣ್ಣಿಗೆ ಗೊತ್ತಿದ್ದವನು. ನೆಂಟ, ನೆರೆಯವ, ಸ್ನೇಹಿತ, ಕೆಲಸ ಕೊಟ್ಟವನು. ಮಾವ ಎಂದು ಕರೆಯುವವನ ಮೂಗಿಗೆ ಗುದ್ದುವ ಮೊದಲು ದಾಟಬೇಕಾದ ಬೇಲಿಗಳು ಎಷ್ಟು! ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಷಾರ್ಲೀನ್ ಸೆನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅವರ ತರಬೇತಿ ಒಟ್ಟು 12 ಗಂಟೆ, ಅದರಲ್ಲಿ ಕೈಕಾಲಿನ ವರಸೆಗೆ 2 ಗಂಟೆ ಮಾತ್ರ. ಉಳಿದ ಹೊತ್ತೆಲ್ಲ ಅಪಾಯವನ್ನು ಬೇಗ ಗುರುತಿಸುವುದು, ಪರಿಚಿತನ ಮುಖಕ್ಕೇ ಬೇಡ ಎಂದು ಗಟ್ಟಿಯಾಗಿ ಹೇಳುವುದು, ಮುಲಾಜು ಬಿಡುವುದು. ಒಂದು ವರ್ಷದ ಅವಧಿಯಲ್ಲಿ, ಬರೀ ಕರಪತ್ರ ಪಡೆದ ಹುಡುಗಿಯರ ಗುಂಪಿನಲ್ಲಿ ಅತ್ಯಾಚಾರಕ್ಕೆ ಒಳಗಾದವರು ನೂರಕ್ಕೆ 9.8, ತರಬೇತಿ ಪಡೆದವರ ಗುಂಪಿನಲ್ಲಿ 5.2. ಯಾವ ಕಪ್ಪು ಬೆಲ್ಟಿನ ಪ್ರದರ್ಶನಕ್ಕಿಂತಲೂ ಈ ಎರಡು ಅಂಕಿಗಳು ನನಗೆ ಹೆಚ್ಚು ಹೇಳಿವೆ.

ಹಾಗೆಯೇ ಜಗಳ ಹುಟ್ಟುವ ಮೊದಲೇ ಅದರ ಕಾರಣ ತೆಗೆಯುವುದೂ ಒಂದು ರಕ್ಷಣೆಯೇ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಹಿಂದೆ ರೈತ ನೋಟಿನ ಕಟ್ಟನ್ನು ಸೊಂಟಕ್ಕೆ ಕಟ್ಟಿಕೊಂಡು ಕತ್ತಲಲ್ಲಿ ಊರಿಗೆ ಹೋಗುತ್ತಿದ್ದ. ಈಗ ಗೂಡಿನ ಹಣ ಬ್ಯಾಂಕ್ ಖಾತೆಗೆ ಬೀಳುತ್ತದೆ. ದಾರಿಯಲ್ಲಿ ಅವನನ್ನು ಕಾಪಾಡಲು ಇಷ್ಟು ಕೆಲಸ ಮಾಡಿದ ಪೈಲ್ವಾನ ಯಾರಿದ್ದಾನೆ?

ಮೈಬಲ ಲೆಕ್ಕಕ್ಕೇ ಬಾರದ ಎದುರಾಟವನ್ನೂ ನಮ್ಮ ಜಿಲ್ಲೆ ಕಂಡಿದೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ, ಜಾತ್ರೆಗೆ ಸೇರಿದ್ದ ಜನರ ನಡುವೆ, ನಿಷೇಧವಿದ್ದರೂ ತ್ರಿವರ್ಣ ಧ್ವಜ ಹಿಡಿದು ಸಭೆ ಸೇರಿದಾಗ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10, ಜನರ ಲೆಕ್ಕ 30 ದಾಟುತ್ತದೆ. ಗುಂಡಿಗೆ ಯಾವ ಪಟ್ಟೂ ಇಲ್ಲ. ಆದರೂ ಆ ಕಾಲದ ಸ್ವಯಂಸೇವಕರಿಗೆ ತರಬೇತಿ ಇತ್ತು ಎಂಬುದನ್ನು ಮರೆಯಬಾರದು. ಹುಬ್ಬಳ್ಳಿಯ ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳ ಕವಾಯತು, ವ್ಯಾಯಾಮ ಕಲಿಸುತ್ತಿತ್ತು. ಲಾಠಿ ಏಟು ಬಿದ್ದರೂ ಸಾಲು ಒಡೆಯದೆ, ಕೈ ಎತ್ತದೆ ನಿಲ್ಲಲು ಮೈಯನ್ನು ಪಳಗಿಸಿರಬೇಕು. ಬೆನ್ನಿಗೆ ಗುದ್ದು ಬಿದ್ದರೂ ಉಣ್ಣುತ್ತ ಕೂತ ಭೀಮನ ವಿದ್ಯೆಯೇ ಇದು, ಬೇರೆ ಕೆಲಸಕ್ಕೆ ಬಳಸಿದ್ದು.

ಕಾನೂನಿನ ಮಾತೊಂದು ಉಳಿದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ಹಳೆಯ ದಂಡಸಂಹಿತೆಯಲ್ಲೂ ಇದ್ದದ್ದೇ. 37ನೆಯ ಕಲಮನ್ನು ಪ್ರತಿ ಕರಾಟೆ ಶಾಲೆಯ ಗೋಡೆಗೆ ಬರೆಸಬೇಕು: ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಬಿದ್ದವನಿಗೆ ಇನ್ನೊಂದು ಒದೆ ಕೊಟ್ಟ ಕ್ಷಣದಲ್ಲಿ ನೀವು ಫಿರ್ಯಾದಿಯ ಜಾಗ ಬಿಟ್ಟು ಆರೋಪಿಯ ಜಾಗಕ್ಕೆ ಬಂದಿರುತ್ತೀರಿ, ಪಕ್ಕದಲ್ಲಿ ಮೊಬೈಲ್ ಹಿಡಿದು ನಿಂತವರು ಅದಕ್ಕೆ ಸಾಕ್ಷಿ.

ಮಗಳನ್ನು ಯಾವ ಕ್ಲಾಸಿಗೆ ಸೇರಿಸಲಿ ಮೇಷ್ಟ್ರೆ ಎಂದು ತಾಯಂದಿರು ಕೇಳುತ್ತಾರೆ. ಹೋಗಿ ಒಂದು ಸಂಜೆ ಸುಮ್ಮನೆ ಕೂತು ನೋಡಿ ಎನ್ನುತ್ತೇನೆ. ಮಕ್ಕಳು ಗಾಳಿಗೆ ಗುದ್ದುವುದರಲ್ಲೇ ಹೊತ್ತು ಕಳೆಯುತ್ತಾರೋ, ಒಬ್ಬರನ್ನೊಬ್ಬರು ಹಿಡಿದು ಬಿಡಿಸಿಕೊಳ್ಳಲು ನಿಜವಾಗಿ ಪರದಾಡುತ್ತಾರೋ? ಕಲಿಸುವವರು ಶಿಷ್ಯರ ಕೈಲಿ ಒಂದು ಸಲವಾದರೂ ಬೀಳುತ್ತಾರೋ? ಮೂರು ತಿಂಗಳಿಗೊಂದು ಬೆಲ್ಟು, ಬೆಲ್ಟಿಗೊಂದು ಫೀಜು ಎಂದರೆ ಅಲ್ಲಿಂದ ಎದ್ದು ಬನ್ನಿ. ಗರಡಿಗಳು ಹೆಣ್ಣುಮಕ್ಕಳನ್ನು ಒಳಗೆ ಬಿಡಲಿಲ್ಲ, ಅದು ನಮ್ಮ ಗರಡಿಗಳ ದೊಡ್ಡ ಕೊರತೆ. ದಸರಾ ಕುಸ್ತಿಯಲ್ಲೇ ಈಗ ಹುಡುಗಿಯರ ಜೋಡಿಗಳು ಸೆಣಸುತ್ತಿರುವಾಗ ನಮ್ಮ ಊರುಗಳಲ್ಲಿ ಬೀಗ ಹಾಕಿಕೊಂಡು ಬಿದ್ದಿರುವ ಗರಡಿಗಳನ್ನು ತೆರೆಯಲು ಅಡ್ಡಿ ಏನು? ಬೆಳಿಗ್ಗೆ ಹುಡುಗರಿಗೆ, ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗಿಯರಿಗೆ, ಕಲಿಸಲು ಒಬ್ಬ ಹೆಣ್ಣುಮಗಳು. ಮಣ್ಣಿಗೆ ಮಡಿ ಅಡ್ಡ ಬಂದರೆ ಪಕ್ಕದ ಜಗಲಿಗೆ ಮ್ಯಾಟು ಹಾಸಲಿ. ಎಷ್ಟು ಮ್ಯಾಟು, ಎಷ್ಟು ಖರ್ಚು ಎಂದು ಬರೆದುಕೊಂಡೇ ಬಂದಿದ್ದೇನೆ. ನಗರಸಭೆಯ ಸದಸ್ಯರು ಇಬ್ಬರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ವಂದನಾರ್ಪಣೆ ಆಗುವವರೆಗೆ ದಯವಿಟ್ಟು ಏಳಬೇಡಿ.